ತೊಖಾರಿಯನ್ ಗೊಂಬೆ ಪ್ರಸಂಗ

ನಮ್ಮ ಫ್ಯಾಮಿಲಿ ಗ್ರೂಪಿಗೆ ದೊಡ್ಡಪ್ಪನ ಮಗ ಇಂಡೋ-ಯುರೋಪಿಯನ್ ಭಾಷಾವೃಕ್ಷದ ಚಿತ್ರ ಹಾಕಿದ. ಕನ್ನಡ ಎಲ್ಲಿ ಅಂತ ಚಿಕ್ಕಪ್ಪ ಜಗಳ ತೆಗೆದರು. ಕನ್ನಡ ದ್ರಾವಿಡದ್ದು, ಆ ಮರದಲ್ಲಿ ಅದಕ್ಕೇನು ಕೆಲಸ? ನನ್ನ ತಕರಾರೇ ಬೇರೆ. ಇಂಗ್ಲಿಷಿಗೆ, ಹಿಂದಿಗೆ ಎಲೆ ತುಂಬಿದ ಕೊಂಬೆ. ತೊಖಾರಿಯನ್‌ಗೆ ಮಾತ್ರ ಮೂಲೆಯಲ್ಲೊಂದು ಒಣಕಡ್ಡಿ.

ಈಗಿನ ಚೀನಾದ ಶಿನ್‌ಜಿಯಾಂಗ್‌ನ ಕುಚಾ, ತುರ್ಫಾನ್ ಕಡೆ ಇದ್ದ ಭಾಷೆ ಇದು. ಲಿಪಿ ಬ್ರಾಹ್ಮಿಯ ಒಂದು ರೂಪ. 1908ರಲ್ಲಿ ಜೀಗ್ ಮತ್ತು ಜೀಗ್ಲಿಂಗ್ ಎಂಬ ಜರ್ಮನರು ಇದೂ ಇಂಡೋ-ಯುರೋಪಿಯನ್ನೇ ಅಂತ ತೋರಿಸಿದ ಮೇಲೆ ಪಂಡಿತರಿಗೆ ತಲೆಬಿಸಿ ಶುರುವಾಯಿತು. ಅಷ್ಟು ಪೂರ್ವದಲ್ಲಿದ್ದುಕೊಂಡು ನೂರಕ್ಕೆ ಸಂಸ್ಕೃತದ ಹಾಗೆ ‘ಶತ’ ಅನ್ನದೆ, ಲ್ಯಾಟಿನ್ನಿನ ಹಾಗೆ ಕಕಾರ ಹಚ್ಚಿ ‘ಕಂತೆ’ ಅನ್ನುತ್ತದೆ. ಈಗಿನ ಟರ್ಕಿ ಕಡೆ ಇದ್ದ ಹಿಟ್ಟೈಟ್ ಭಾಷೆಯ ಬಳಗ ಬೇರೆಯಾದ ಮೇಲೆ ಮೊದಲು ಕವಲೊಡೆದದ್ದು ಇದೇ ಅಂತ ಅನೇಕ ಪಂಡಿತರ ಮತ. ಹಾಗಿದ್ದರೆ ಬುಡದ ಹತ್ತಿರ ದಪ್ಪಗೆ ಬಿಡಿಸಬೇಕಿತ್ತು, ಅಲ್ವಾ?

ಇನ್ನು ಕೆಲವರಿಗೆ ಅದೇ ಶಿನ್‌ಜಿಯಾಂಗ್‌ನ ಮರುಭೂಮಿಯಲ್ಲಿ ಕೊಳೆಯದೆ ಉಳಿದ ಹಳೆಯ ಹೆಣಗಳ, ಅಂದರೆ ತಾರಿಮ್ ಮಮ್ಮಿಗಳದ್ದೇ ಗುಂಗು. ಮುಖ, ಕೂದಲು ನೋಡಿ ಇವರೇ ತೊಖಾರಿಯನ್ನರು ಅಂದುಬಿಟ್ಟರು. ಅತಿ ಹಳೆಯ ಮಮ್ಮಿಗಳಿಗೂ ಸಿಕ್ಕಿರುವ ತೊಖಾರಿಯನ್ ಬರಹಗಳಿಗೂ ಎರಡು ಸಾವಿರ ವರ್ಷಕ್ಕಿಂತ ಜಾಸ್ತಿ ಅಂತರ. 2021ರ ಡಿಎನ್‌ಎ ಅಧ್ಯಯನವೂ ಆ ಹಳಬರು ಅಲ್ಲಿನವರೇ, ಹುಲ್ಲುಗಾವಲಿನಿಂದ ವಲಸೆ ಬಂದವರಲ್ಲ ಅಂದಿತು. ಸತ್ತವರ ಬಾಯಿಗೆ ಭಾಷೆ ತುರುಕುವ ಈ ಚಟ ಯಾಕೋ!

ಅದರ ಬದಲು ಆ ಬರಹಗಳಲ್ಲಿರುವ ಕತೆ ಓದಬಾರದೇ? ಈ ಭಾಷೆಯ ‘ಎ’, ‘ಬಿ’ ಎಂಬ ಎರಡು ಬಗೆಗಳಲ್ಲಿ ತೊಖಾರಿಯನ್ ‘ಎ’ಯಲ್ಲೊಂದು ಕತೆಯಿದೆ. ರೂಪ ದೊಡ್ಡದೋ, ಕಸುಬು ದೊಡ್ಡದೋ, ಬುದ್ಧಿಯೋ, ಪುಣ್ಯವೋ ಅಂತ ರಾಜಕುಮಾರರು ವಾದಕ್ಕಿಳಿದಾಗ ಬರುವಂಥದ್ದು. ಪರವೂರಿನ ಚಿತ್ರಕಾರನೊಬ್ಬ ಯಂತ್ರಕಾರನ ಮನೆಗೆ ಬರುತ್ತಾನೆ. ಉಪಚಾರವೆಲ್ಲ ಆಯಿತು. ಮಲಗುವ ಹೊತ್ತಿಗೆ ಯಂತ್ರಕಾರ ಸೇವೆಗೆಂದು ಒಬ್ಬ ಹುಡುಗಿಯನ್ನು ಬಿಟ್ಟುಹೋದ. ಮಾತಿಲ್ಲ, ಕತೆಯಿಲ್ಲ, ನಿಂತಿದ್ದಾಳೆ. ಮುಟ್ಟಲೋ ಬೇಡವೋ ಅಂತ ಚಿತ್ರಕಾರ ಒದ್ದಾಡಿದ. ಕೊನೆಗೆ ಕೈ ಹಿಡಿದ. ಹುಡುಗಿ ಕಳಚಿಬಿದ್ದಳು! ಬಟ್ಟೆ ಚೂರು, ದಾರ, ಮರದ ತುಂಡು.

ಮಾನ ಹೋದವನು ಸುಮ್ನೆ ಕೂರುತ್ತಾನೆಯೇ? ತಾನೇ ನೇಣು ಹಾಕಿಕೊಂಡ ಹಾಗೆ ಗೋಡೆಯ ಮೇಲೆ ಚಿತ್ರ ಬರೆದು ಬಾಗಿಲ ಹಿಂದೆ ಅಡಗಿದ. ಬೆಳಿಗ್ಗೆ ಯಂತ್ರಕಾರ ನೋಡಿ ಗೋಳಾಡಿದ, ಜನರನ್ನು ಕರೆದ, ಹಗ್ಗ ಕಡಿಯಲು ಹೊರಟ. ಆಗ ಚಿತ್ರಕಾರ ಆರಾಮಾಗಿ ಹೊರಗೆ ಬಂದ.

ಇಬ್ಬರಲ್ಲಿ ಯಾರು ಜಾಣ ಅನ್ನುವ ಚರ್ಚೆ ನನಗೆ ಬೇಡ. ಆ ಗೊಂಬೆಯನ್ನು ಆಮೇಲೆ ಯಾರು ಜೋಡಿಸಿದರು, ಅದನ್ನು ಹೇಳಿ. ಕವಲು, ಕಕಾರ ಎಲ್ಲ ನಿಧಾನಕ್ಕೆ ನೋಡಿಕೊಂಡರಾಯಿತು.