ಹಿಕ್ಕೆಗೂ ಒಂದು ಸರಿಯಾದ ವಿಳಾಸ ಬೇಕು

ನಮ್ಮ ಬಡಾವಣೆಯ ಮೂಲೆಯಲ್ಲಿರುವ ಮಳೆಮರದ ವಿರುದ್ಧ ಒಂದು ಅರ್ಜಿ ಹೋಗಿದೆ. ಸಂಜೆ ಆಗುತ್ತಿದ್ದಂತೆ ಆ ಮರಕ್ಕೆ ಬೆಳ್ಳಕ್ಕಿಗಳು, ನೀರುಕಾಗೆಗಳು ಬಂದು ಕೂರುತ್ತವೆ. ಕೊಂಬೆಗಾಗಿ ಒಂದಿಷ್ಟು ಕಿತ್ತಾಡುತ್ತವೆ, ರಾತ್ರಿ ತಂಗುತ್ತವೆ, ಬೆಳಿಗ್ಗೆ ಕೆರೆಗೆ ಹೊರಡುವ ಮುಂಚೆ ಎಲ್ಲಾ ಜೀವಿಗಳೂ ಮಾಡುವ ಕೆಲಸ ಮಾಡಿ ಹೊರಡುತ್ತವೆ. ಕೆಳಗೆ ಕಾರುಗಳು ನಿಂತಿರುತ್ತವೆ. ಇಷ್ಟೇ ವಿಷಯ. ಇದಕ್ಕೆ ನಿವಾಸಿಗಳ ಸಂಘ ಎರಡು ಪುಟ ಬರೆದಿದೆ. ಸಾರ್ವಜನಿಕ ಆರೋಗ್ಯ ಬಂದಿದೆ, ಹಿರಿಯ ನಾಗರಿಕರು ಬಂದಿದ್ದಾರೆ, ಶಾಲೆಗೆ ಹೋಗುವ ಪುಟ್ಟ ಮಕ್ಕಳು ಬಂದಿದ್ದಾರೆ, ‘ಪಕ್ಷಿ ಹಾವಳಿ’ ಅನ್ನುವುದು ಮೂರು ಸಲ ಬಂದಿದೆ. ಕಾರು ಮಾತ್ರ ಎಲ್ಲೂ ಬಂದಿಲ್ಲ.

ಸಹಿ ಹಾಕಿದವರೆಲ್ಲಾ ಹಕ್ಕಿ ಕಂಡರೆ ಆಗದವರು ಅಂದುಕೊಳ್ಳಬೇಡಿ. ಇವರಲ್ಲಿ ಮುಕ್ಕಾಲು ಪಾಲು ಜನ ಪಕ್ಷಿಪ್ರೇಮಿಗಳು. ಪ್ರೊಫೈಲ್ ಫೋಟೋದಲ್ಲಿ ತಮ್ಮ ಮುಖದ ಬದಲು ಮಿಂಚುಳ್ಳಿ ಇಟ್ಟುಕೊಂಡಿರುವವರು.

ಫೆಬ್ರವರಿ ಬಂತೆಂದರೆ ಇವರ ಭಾನುವಾರಗಳು ರಂಗನತಿಟ್ಟಿಗೆ ಮೀಸಲು. ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಕೊಕ್ಕರೆ, ಹೆಜ್ಜಾರ್ಲೆ ಎಲ್ಲಾ ಗೂಡಿನ ಕೆಲಸದಲ್ಲಿರುವ ಕಾಲ ಅದು. ಚಳಿ ಇಳಿದಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ಪೊದೆಯ ಬಣ್ಣದ ಅಂಗಿ, ಅದಕ್ಕೊಪ್ಪುವ ಟೋಪಿ, ಒಂದು ಸ್ಕೂಟರ್ ಬರುವಷ್ಟು ಬೆಲೆಯ ಲೆನ್ಸು. ದೋಣಿ ನಡುಗಡ್ಡೆಯ ಹತ್ತಿರ ಹೋದಾಗ ಬಂಡೆಗಳು, ಬಿದಿರು, ಮರದ ಎಲೆಗಳು ಎಲ್ಲಾ ಬೆಳ್ಳಗೆ ಕಾಣುತ್ತವೆ. ನಮ್ಮ ಸಂಘದ ಕಾರ್ಯದರ್ಶಿಯವರು ಅದನ್ನು ನೋಡಿ “ಆಹಾ, ಹಿಮ ಬಿದ್ದ ಹಾಗಿದೆ ಅಲ್ವಾ ಸಾರ್” ಅಂದದ್ದನ್ನು ನಾನು ಈ ಕಿವಿಯಾರೆ ಕೇಳಿದ್ದೇನೆ. ಅದು ಹಿಮ ಅಲ್ಲ ಅಂತ ದೋಣಿಯವನಿಗೂ ಗೊತ್ತು, ಮೊಸಳೆಗೂ ಗೊತ್ತು. ಯಾರೂ ಬಾಯಿ ಬಿಡಲಿಲ್ಲ.

ಆ ಜಾಗದ ಇತಿಹಾಸ ಇವರಿಗೆ ಬಾಯಿಪಾಠ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1640ರ ದಶಕದಲ್ಲಿ, ಕಾವೇರಿಗೆ ಒಡ್ಡು ಕಟ್ಟಿದ್ದರಿಂದ ಈ ತಿಟ್ಟುಗಳಾದವು. ಪಕ್ಷಿತಜ್ಞ ಸಲೀಂ ಅಲಿ ಬಂದು ನೋಡಿ, ಮೈಸೂರು ಅರಸರಿಗೆ ಹೇಳಿ, 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು, ರಾಜ್ಯದಲ್ಲೇ ಮೊದಲು. ಇದನ್ನೆಲ್ಲಾ ದೋಣಿಯಲ್ಲಿ ಕೂತು ಪಕ್ಕದವರಿಗೆ ಹೇಳುತ್ತಾರೆ. ಹೇಳಿ ಮುಗಿಸಿ, ಬೈಪಾಸಿನಲ್ಲಿ ತಿಂಡಿ ತಿಂದು, ಮನೆಗೆ ಬಂದು, ಕಾರನ್ನು ಮತ್ತೆ ಅದೇ ಮಳೆಮರದ ಕೆಳಗೆ ನಿಲ್ಲಿಸುತ್ತಾರೆ. ಯಾಕೆ ಅಂದರೆ ನೆರಳು ಇರುವುದು ಅಲ್ಲೊಂದೇ ಕಡೆ. ಗೇಟಿನ ಒಳಗೆ ಕಾರಿಗೆ ಅಂತ ಬಿಟ್ಟಿದ್ದ ಜಾಗದಲ್ಲಿ ಬಾಡಿಗೆಗೆ ಒಂದು ರೂಮು ಎದ್ದಿದೆ.

ಅರ್ಜಿ ಹಿಡಿದು ಹೋದಾಗ ಒಂದು ತೊಡಕು ಬಂತು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಹಕ್ಕಿಯ ಗೂಡು, ಮೊಟ್ಟೆ ಹಾಳು ಮಾಡುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ. ಅರ್ಜಿ ತೆಗೆದುಕೊಂಡ ಸಾಹೇಬರು ಅನುಭವಸ್ಥರು. “ಈಗ ಗೂಡು ಇದೆಯಾ?” ಅಂತ ಕೇಳಿದರು. ಇಲ್ಲ, ಈಗ ಬರೀ ರಾತ್ರಿ ಮಲಗೋಕೆ ಬರ್ತವೆ, ಮಳೆಗಾಲಕ್ಕೆ ಕಟ್ಟುತ್ತವೆ ಅಂದರು ನಮ್ಮವರು. ಪಕ್ಷಿಪ್ರೇಮಿಗಳಲ್ಲವೇ, ತಿಂಗಳು ಸಮೇತ ಗೊತ್ತು. “ಹಾಗಾದ್ರೆ ಅದಕ್ಕೆ ಮುಂಚೆ ನೋಡ್ಕೊಳಿ” ಅಂದರಂತೆ. ಅಂದಿನಿಂದ ನಮ್ಮ ಗ್ರೂಪಿನಲ್ಲಿ ಪಕ್ಷಿವೀಕ್ಷಣೆ ಹಿಂದೆಂದೂ ಇಲ್ಲದಷ್ಟು ಚುರುಕಾಗಿದೆ. ಬೆಳ್ಳಕ್ಕಿಯ ಬಾಯಲ್ಲಿ ಕಡ್ಡಿ ಏನಾದರೂ ಇದೆಯಾ ಅಂತ ದಿನಾ ಸಂಜೆ ದುರ್ಬೀನು ಹಿಡಿದು ಒಬ್ಬರು ಕಾಯುತ್ತಾರೆ. ಸಲೀಂ ಅಲಿ ಕಂಡಿದ್ದರೆ ಎಷ್ಟು ಶ್ರದ್ಧೆ ಅಂತ ಬೆನ್ನು ತಟ್ಟುತ್ತಿದ್ದರೇನೋ, ಯಾಕೆ ಕಾಯುತ್ತಿದ್ದಾರೆ ಅಂತ ಗೊತ್ತಾಗುವವರೆಗೆ.

ಇಷ್ಟರ ಮಧ್ಯೆ ಸಂಘದ ವಾರ್ಷಿಕ ಪ್ರವಾಸ ಬೇರೆ. ಈ ಸಲ ಮಲ್ಪೆ. ಸಮುದ್ರದಲ್ಲಿ ದೋಣಿ ಹಿಡಿದು ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವುದು, ಲಾವಾ ಆರಿ ಕಂಬಕಂಬವಾಗಿ ನಿಂತಿರುವ ಬಂಡೆಗಳ ಮೇಲೆ ನಿಂತು ಕಡಲಕ್ಕಿ ನೋಡುವುದು. ಚಳಿಗಾಲ ಕಳೆಯಲು ಉತ್ತರದಿಂದ ಬಂದ ಕಡಲಕ್ಕಿಗಳು ವಾಪಸ್ ಹೊರಡುವ ತಯಾರಿಯಲ್ಲಿರುವ ಸಮಯ. ಕಂದುತಲೆಯ ಕಡಲಕ್ಕಿಗೆ ಚಳಿಗಾಲವಿಡೀ ತಲೆ ಬಿಳಿ, ಕಿವಿಯ ಹತ್ತಿರ ಒಂದು ಚುಕ್ಕೆ ಬಿಟ್ಟರೆ; ಊರಿಗೆ ಹೊರಡುವ ಹೊತ್ತಿಗೆ ತಲೆಗೆ ಬಣ್ಣ ಬರಲು ಶುರುವಾಗುತ್ತದೆ. ಅದು ನಿಜಕ್ಕೂ ನೋಡುವಂಥದ್ದು, ಅದರಲ್ಲಿ ನನ್ನದೇನೂ ತಕರಾರಿಲ್ಲ. ಮೀನುಗಾರರ ದೋಣಿಯ ಹಿಂದೆ ಅವು ಗುಂಪುಗುಂಪಾಗಿ ಹಾರಿ ಬಂದವು. ಒಂದು ಹಕ್ಕಿ ನೇರವಾಗಿ ನಮ್ಮ ಅಧ್ಯಕ್ಷರ ಟೋಪಿಯ ಮೇಲೆ ಹಾಕಿತು. ದೋಣಿಗೆ ದೋಣಿಯೇ ಚಪ್ಪಾಳೆ. “ಅದೃಷ್ಟ ಸಾರ್, ಅದೃಷ್ಟ! ಈ ವರ್ಷ ನಿಮ್ಮ ಮಗಳ ಮದುವೆ ಗ್ಯಾರಂಟಿ!” ಅಧ್ಯಕ್ಷರು ಟೋಪಿ ತೆಗೆಯದೆ ಫೋಟೋ ತೆಗೆಸಿಕೊಂಡರು. ಮುನ್ನೂರು ಕಿಲೋಮೀಟರು ಆಚೆ, ಟಿಕೆಟ್ ಕೊಟ್ಟು, ಸಮುದ್ರದ ಮಧ್ಯೆ ಬಿದ್ದರೆ ಅದೃಷ್ಟ. ಮನೆ ಮುಂದೆ ಬಿಟ್ಟಿ ಬಿದ್ದರೆ ಸಾರ್ವಜನಿಕ ಆರೋಗ್ಯ.

ಹಾಗೆ ನೋಡಿದರೆ ಇದೇ ಹಿಕ್ಕೆಗಾಗಿ ದೇಶದೇಶಗಳು ಹೊಡೆದಾಡಿವೆ. ಪೆರು ದೇಶದ ಕರಾವಳಿಯ ಆಚೆ ಚಿಂಚಾ ಅಂತ ಪುಟ್ಟ ದ್ವೀಪಗಳಿವೆ. ಅಲ್ಲಿ ಮಳೆ ಬೀಳುವುದೇ ಅಪರೂಪ, ತೊಳೆದುಹೋಗುವ ಮಾತೇ ಇಲ್ಲ. ತಲೆತಲಾಂತರದ ಹಿಕ್ಕೆ ಹತ್ತಾರು ಅಡಿ ದಪ್ಪಕ್ಕೆ ಪೇರಿಕೊಂಡಿತ್ತು. ಅದರಲ್ಲಿ ದೊಡ್ಡ ಪಾಲು ನೀರುಕಾಗೆಯ ಜಾತಿಯದೇ ಒಂದು ಹಕ್ಕಿಯದು, ಅಂದರೆ ನಮ್ಮ ಮಳೆಮರದ ಮೇಲಿನವರ ದಾಯಾದಿ. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪು, ಅಮೆರಿಕದ ಹೊಲಗಳಿಗೆ ಇದೇ ಗೊಬ್ಬರ. ಹಡಗುಗಟ್ಟಲೆ ಹೋಗುತ್ತಿತ್ತು, ಪೆರುವಿನ ಖಜಾನೆ ಅದರ ಮೇಲೇ ನಡೆಯುತ್ತಿತ್ತು. 1856ರಲ್ಲಿ ಅಮೆರಿಕ ಒಂದು ಕಾನೂನನ್ನೇ ಮಾಡಿತು: ಯಾರಿಗೂ ಸೇರದ, ಜನ ಇಲ್ಲದ ದ್ವೀಪದಲ್ಲಿ ಹಕ್ಕಿ ಗೊಬ್ಬರ ಸಿಕ್ಕರೆ ಅಮೆರಿಕದ ಪ್ರಜೆ ಅದರ ಮೇಲೆ ಹಕ್ಕು ಹೂಡಬಹುದು. 1864ರಲ್ಲಿ ಸ್ಪೇನ್ ನೌಕಾಪಡೆ ಕಳಿಸಿ ಚಿಂಚಾ ದ್ವೀಪಗಳನ್ನೇ ಹಿಡಿದುಕೊಂಡಿತು, ಯುದ್ಧವೇ ಆಯಿತು. ನಮ್ಮ ಕಾರ್ಯದರ್ಶಿಯವರು ಅವತ್ತು ಅಲ್ಲಿದ್ದಿದ್ದರೆ ಯಾವ ಯುದ್ಧವೂ ಆಗುತ್ತಿರಲಿಲ್ಲ. ಬೆಳಿಗ್ಗೆಯೇ ಎದ್ದು, ಪೈಪು ಹಿಡಿದು, ಕುಡಿಯುವ ನೀರಿನಲ್ಲಿ ದ್ವೀಪ ತೊಳೆಸಿಬಿಡುತ್ತಿದ್ದರು.

ಅಂದ ಹಾಗೆ, ಇವರ ಮನೆ ತಾರಸಿಯಲ್ಲಿ ಗುಲಾಬಿ ಕುಂಡಗಳಿವೆ. ಗೊಬ್ಬರ ಆನ್‌ಲೈನಿನಲ್ಲಿ ಬರುತ್ತದೆ. ಚೆಂದದ ಪ್ಯಾಕೆಟ್ಟು.

ಈ ವಿದ್ಯೆ ಕಲಿಯಲು ಪೆರುವಿಗೆ ಹೋಗಬೇಕಾಗಿಲ್ಲ. ಮದ್ದೂರಿನ ಹತ್ತಿರ ಕೊಕ್ಕರೆ ಬೆಳ್ಳೂರಿದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಬೇಲಿ ಇಲ್ಲ, ದೋಣಿ ಇಲ್ಲ. ಮರದ ಕೆಳಗೆ ಗುಂಡಿ ತೋಡಿ, ಬಿದ್ದ ಹಿಕ್ಕೆಯನ್ನು ಕೆರೆ ಗೋಡಿನ ಜತೆ ಬೆರೆಸಿ ಹೊಲಕ್ಕೆ ಹಾಕುವುದು ಅಲ್ಲಿನ ವಾಡಿಕೆ. ಹುಣಸೆ ಬಡಿಯುವ ಕಾಲವೂ ಹಕ್ಕಿ ಮರಿ ಮಾಡುವ ಕಾಲವೂ ಒಂದೇ ಆಗಿರುವುದರಿಂದ, ಗೂಡಿರುವ ಮರವನ್ನು ಮುಟ್ಟದೆ ಬಿಡುತ್ತಾರೆ. ಅದಕ್ಕೆ ಅರಣ್ಯ ಇಲಾಖೆ ಒಂದಿಷ್ಟು ಪರಿಹಾರ ಕೊಡುತ್ತದೆ, ಹುಣಸೆಹಣ್ಣಿನ ಬೆಲೆ ಬಲ್ಲವರಿಗೆ ಅದು ಪರಿಹಾರ ಅನ್ನಿಸುವುದು ಕಷ್ಟ. 2007ರಲ್ಲಿ ಊರನ್ನು ಸಮುದಾಯ ಮೀಸಲು ಅಂತ ಘೋಷಿಸಿದರು. ಅದಕ್ಕೆ ಎಷ್ಟೋ ಮುಂಚಿನಿಂದ ಊರವರು ಇದನ್ನು ಯಾರೂ ಘೋಷಿಸದೇನೇ ಮಾಡಿಕೊಂಡು ಬಂದಿದ್ದರು.

ನಮ್ಮ ಸಂಘ ಅಲ್ಲಿಗೂ ಹೋಗಿತ್ತು. ಅಧ್ಯಕ್ಷರು ಜಗಲಿ ಮೇಲೆ ಕೂತಿದ್ದ ಒಬ್ಬ ಅಜ್ಜಿಯ ಹತ್ತಿರ ಹೋಗಿ, ಮೊಬೈಲು ಹಿಡಿದು, “ಅಜ್ಜಿ, ಇಷ್ಟೊಂದು ವಾಸನೆ ಬರುತ್ತಲ್ಲ, ಹೆಂಗಿದ್ದೀರಾ?” ಅಂತ ಕೇಳಿದರು.

“ಬತ್ತದೆ ಕಣಪ್ಪ. ಮಗ್ಳು ಹೆರಿಗೆಗೆ ಅಂತ ಬಂದ್ರೆ ಮನೆ ಗಮ್ಮಂತದಾ?”

ಅಧ್ಯಕ್ಷರ ಕಣ್ಣು ಒದ್ದೆಯಾಯಿತು. ನಿಜವಾಗಿ ಆಯಿತು, ಸುಮ್ನೆ ಹೇಳುತ್ತಿಲ್ಲ. ಆ ವಿಡಿಯೋ ಸ್ಟೇಟಸ್ಸಿಗೆ ಹೋಯಿತು, ಕೈ ಮುಗಿದ ಚಿತ್ರಗಳು ಸಾಲು ಸಾಲು ಬಂದವು, ‘ಹಳ್ಳಿಯ ಮುಗ್ಧ ಜನ’ ಅಂತ ಒಬ್ಬರು, ‘ನಾವು ಕಲಿಯುವುದು ಬಹಳ ಇದೆ’ ಅಂತ ಇನ್ನೊಬ್ಬರು. ಅದರ ಕೆಳಗೇ ಕಾರ್ಯದರ್ಶಿಯವರ ಮೆಸೇಜು: ಕೊಂಬೆ ಕಡಿಯುವವರು ಬುಧವಾರ ಬರುತ್ತಾರೆ, ದಯವಿಟ್ಟು ಎಲ್ಲರೂ ಕಾರು ತೆಗೆದು ಸಹಕರಿಸಿ. ಅದಕ್ಕೂ ಅದೇ ಕೈ ಮುಗಿದ ಚಿತ್ರಗಳು.

ಬುಧವಾರ ಕಾರು ತೆಗೆದರು. ಗಮನಿಸಿ, ಎಲ್ಲಾ ಕಾರನ್ನೂ ತೆಗೆದು ಪಕ್ಕದ ರಸ್ತೆಯಲ್ಲಿ ಆರಾಮಾಗಿ ನಿಲ್ಲಿಸಲು ಜಾಗ ಇತ್ತು. ದಿನಾ ಅಲ್ಲೇ ನಿಲ್ಲಿಸಬಹುದಲ್ಲಾ ಅಂತ ನಾನು ಕೇಳಿದೆ. “ಅಲ್ಲಿ ಬಿಸಿಲು ಸಾರ್” ಅಂದರು.

ಮರ ಪೂರ್ತಿ ಹೋಗಿಲ್ಲ. ನಿಯಮ ಇದೆ, ಬರೀ ‘ಅಪಾಯಕಾರಿ ಕೊಂಬೆ’ ತೆಗೆಯಬಹುದು. ಹಾಗಾಗಿ ಅಪಾಯಕಾರಿ ಅಲ್ಲದ ಒಂದು ಕೊಂಬೆ ಉಳಿದಿದೆ. ನೆರಳು ಹೋಯಿತು. ಈಗ ಕಾರಿಗೆ ತಗಡಿನ ಶೆಡ್ಡು ಹಾಕಿಸಿಕೊಡಿ ಅಂತ ಎರಡನೇ ಅರ್ಜಿ ತಯಾರಾಗುತ್ತಿದೆ, ಅದರಲ್ಲೂ ಹಿರಿಯ ನಾಗರಿಕರಿದ್ದಾರೆ. ಜತೆಗೆ ಬಡಾವಣೆಯ ಪಕ್ಷಿಪ್ರೇಮ ಕುಂದಬಾರದು ಅಂತ ಸಭೆಯಲ್ಲಿ ಒಂದು ನಿರ್ಣಯ ಆಗಿದೆ. ಮರದ ಬುಡದಲ್ಲಿ ಪೆಂಗ್ವಿನ್ ಆಕಾರದ ಕಸದ ಬುಟ್ಟಿ ಇಡುವುದು, ಪಾರ್ಕುಗಳಲ್ಲಿ ಬಾಯಿ ತೆರೆದುಕೊಂಡು ನಿಂತಿರುತ್ತದಲ್ಲಾ, ಅದೇ. ಹಣ ಮಂಜೂರಾಗಿದೆ, ಬಣ್ಣಕ್ಕೂ ಒಪ್ಪಿಗೆ ಸಿಕ್ಕಿದೆ. ಬಾಯಿ ಯಾವ ದಿಕ್ಕಿಗೆ ಇರಬೇಕು ಅನ್ನುವುದು ಮಾತ್ರ ಇತ್ಯರ್ಥವಾಗಿಲ್ಲ. ತೆರೆದ ಬಾಯಿ ದಕ್ಷಿಣಕ್ಕಿದ್ದರೆ ಎದುರು ಮನೆಯವರಿಗೆ ಆಗಿಬರುವುದಿಲ್ಲವಂತೆ. ವಾಸ್ತು ಕೇಳಿಕೊಂಡು ಬರಲು ಒಬ್ಬರನ್ನು ಕಳಿಸಿದ್ದಾರೆ.