ಮಗಳು ತಿಂದ ಟೀ, ಅಮ್ಮ ಕೇಳುವ ಊಟ

ಮಗಳನ್ನು ಇಂಗ್ಲೆಂಡಿನ ಉತ್ತರದ ಶೆಫೀಲ್ಡಿನಲ್ಲಿ ನರ್ಸರಿಗೆ ಸೇರಿಸಿದ ಮೊದಲ ವಾರ. ಸಂಜೆ ಕರೆದುಕೊಂಡು ಬರಲು ಹೋದಾಗ ಒಂದು ಚೀಟಿ ಕೈಗಿತ್ತರು. ಎಷ್ಟು ಹೊತ್ತು ಮಲಗಿದ್ದಳು, ಎಷ್ಟು ಸಲ ಡೈಪರ್ ಬದಲಾಯಿಸಿದರು, ಎಲ್ಲ ಬರೆದಿತ್ತು. ಕೊನೆಯಲ್ಲಿ 'ಟೀ: ಪೂರ್ತಿ ತಿಂದಳು' ಎಂದಿತ್ತು. ಎರಡು ವರ್ಷದ ಕೂಸಿಗೆ ಟೀ ಕೊಟ್ಟಿದ್ದಾರಲ್ಲ ಎಂದು ನನ್ನ ಹೆಂಡತಿಗೆ ಗಾಬರಿ. ವಿಚಾರಿಸಿದರೆ, ಟೊಮೆಟೊ ಸಾಸಿನ ಪಾಸ್ತಾ, ಜೊತೆಗೆ ಬೇಯಿಸಿದ ಬಟಾಣಿ. ಸಂಜೆ ನಾಲ್ಕಕ್ಕೆ ಕೊಡುವ ಆ ಊಟದ ಹೆಸರೇ ಟೀ.

ಶಾಲೆಯಲ್ಲಿ ನಾವು ಕಲಿತಿದ್ದು ಬ್ರೇಕ್‌ಫಾಸ್ಟ್, ಲಂಚ್, ಡಿನ್ನರ್. ಇಂಗ್ಲೆಂಡಿನ ಉತ್ತರಕ್ಕೆ ಬಂದರೆ ಈ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಅನೇಕರಿಗೆ ಮಧ್ಯಾಹ್ನದ್ದು ಡಿನ್ನರ್, ಸಂಜೆಯದು ಟೀ. ಮಲಗುವ ಮುಂಚೆ ಒಂದು ತುಂಡು ಟೋಸ್ಟ್ ತಿಂದರೆ ಅದು ಸಪ್ಪರ್. ದಕ್ಷಿಣದ ಕೆಲವು ಅನುಕೂಲಸ್ಥರ ಮನೆಗಳಲ್ಲಿ ಅದೇ ಸಪ್ಪರ್ ಎಂದರೆ ಮನೆಮಂದಿಯ ರಾತ್ರಿ ಊಟ.

ಶೆಫೀಲ್ಡ್ ಉಕ್ಕಿನ ಊರು. ಕಾರ್ಖಾನೆಯಿಂದ, ಸುತ್ತಲಿನ ಕಲ್ಲಿದ್ದಲ ಗಣಿಯಿಂದ ದಣಿದು ಮನೆಗೆ ಬಂದವರಿಗೆ ಬ್ರೆಡ್ಡು, ಮಾಂಸ, ಆಲೂಗಡ್ಡೆ ಬಡಿಸಿ, ಪಕ್ಕದಲ್ಲಿ ಬಿಸಿ ಟೀ ಇಡುತ್ತಿದ್ದರು. ಅದಕ್ಕೆ ಹೈ ಟೀ ಎಂಬ ಹೆಸರೂ ಇತ್ತು. ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಪುಟಾಣಿ ಕೇಕು, ಸ್ಯಾಂಡ್‌ವಿಚ್ ಇಟ್ಟು ಹೈ ಟೀ ಅಂತಾರಲ್ಲ, ಅದು ನಿಜಕ್ಕೂ ಆಫ್ಟರ್‌ನೂನ್ ಟೀ. 1840ರ ದಶಕದಲ್ಲಿ ಶ್ರೀಮಂತರ ರಾತ್ರಿ ಊಟ ತಡವಾಗತೊಡಗಿದಾಗ ಮಧ್ಯೆ ಹಸಿವು ತಡೆಯಲು ಹುಟ್ಟಿದ್ದು. ಹೈ ಟೀ ದುಡಿದು ಬಂದವರ ಹೊಟ್ಟೆತುಂಬಾ ಊಟ.

ಇನ್ನು ಡಿನ್ನರ್. ಇದು ಹಳೆಯ ಫ್ರೆಂಚಿನಿಂದ ಬಂದ ಪದ. ಬೇರಿಗೆ ಹೋದರೆ ಉಪವಾಸ ಮುರಿಯುವುದು ಎಂದೇ ಅರ್ಥ. ಅಂದರೆ ಬ್ರೇಕ್‌ಫಾಸ್ಟ್ ಎಂಬುದರ ಅರ್ಥವೂ ಇದರ ಅರ್ಥವೂ ಒಂದೇ! ದಿನದ ದೊಡ್ಡ ಊಟಕ್ಕೆ ಈ ಹೆಸರು ನಿಂತಿತು. ಕೆಲಸದ ಜಾಗ ಮನೆಯಿಂದ ದೂರವಾದ ಹಾಗೆ ದೊಡ್ಡ ಊಟ ರಾತ್ರಿಗೆ ಸರಿಯಿತು, ಹೆಸರೂ ಅದರ ಹಿಂದೆ ಹೋಯಿತು. ಉತ್ತರದವರು ಮಾತ್ರ ಅದನ್ನು ಮಧ್ಯಾಹ್ನಕ್ಕೇ ಉಳಿಸಿಕೊಂಡರು. ಕ್ರಿಸ್‌ಮಸ್ ಡಿನ್ನರ್ ಅನ್ನು ಲಂಡನ್ನಿನವರೂ ಹಗಲಿನಲ್ಲೇ ಮಾಡುತ್ತಾರೆ.

ಮಗಳು ದೊಡ್ಡ ಶಾಲೆಗೆ ಹೋದ ಮೇಲೆ ನನಗೆ ಇನ್ನೊಂದು ಗೊತ್ತಾಯಿತು. ಶಾಲೆಯವರು ಬಿಸಿಯಾಗಿ ಬಡಿಸಿದರೆ ಅದು ಸ್ಕೂಲ್ ಡಿನ್ನರ್. ಬಡಿಸುವವರು ಡಿನ್ನರ್ ಲೇಡಿ. ಅದೇ ಹೊತ್ತಿಗೆ, ಅದೇ ಮೇಜಿನ ಮೇಲೆ, ಪಕ್ಕದ ಹುಡುಗ ಮನೆಯಿಂದ ತಂದ ಡಬ್ಬಿ ತೆರೆದರೆ ಅದು ಪ್ಯಾಕ್ಡ್ ಲಂಚ್. ಗಡಿಯಾರ ನೋಡಿ ಇಟ್ಟ ಹೆಸರಲ್ಲ ಇದು. ತಟ್ಟೆಯಲ್ಲಿ ಏನಿದೆ ಅನ್ನುವುದನ್ನು ನೋಡಿ ಇಟ್ಟದ್ದು.

ನಮ್ಮದೂ ಹಾಗೇ ಅಲ್ವಾ? ಉಣ್ಣುವುದು ಊಟ, ತಿನ್ನುವುದು ತಿಂಡಿ. ನನ್ನ ಅಮ್ಮ ಶನಿವಾರ ಒಪ್ಪೊತ್ತು ಮಾಡುತ್ತಾರೆ. ರಾತ್ರಿ ತಟ್ಟೆ ತುಂಬಾ ಉಪ್ಪಿಟ್ಟು ತಿಂದಿರುತ್ತಾರೆ, ಕೇಳಿದರೆ 'ಇವತ್ತು ಊಟ ಇಲ್ಲಪ್ಪ, ತಿಂಡಿ ಅಷ್ಟೇ' ಅನ್ನುತ್ತಾರೆ. ಅವರ ಮಟ್ಟಿಗೆ ಅದು ಸುಳ್ಳಲ್ಲ. ಅನ್ನ ಸಾರು ಬಡಿಸದೆ ಊಟ ಹೇಗಾದೀತು? ನಮ್ಮ ಹಾಸನದ ಕಡೆಯ ಹಳ್ಳಿಗಳಲ್ಲಿ 'ಹಿಟ್ಟುಂಡ್ರಾ?' ಎಂದು ಕೇಳುವವರಿದ್ದರು. ಮುದ್ದೆ ಉಂಡರೇ ಉಂಡ ಹಾಗೆ. ಇಲ್ಲಿರುವ ಧಾರವಾಡದ ಗೆಳೆಯ ಬೆಳಿಗ್ಗೆ ಫೋನ್ ಮಾಡಿದರೆ 'ನಾಷ್ಟಾ ಆತೇನ್ರೀ?' ಅನ್ನುತ್ತಾನೆ. ಅವನ ಅಜ್ಜಿ ನ್ಯಾರಿ ಅನ್ನುತ್ತಿದ್ದರಂತೆ. ಎಷ್ಟು ಚೆಂದದ ಪದಗಳು.

ಈಗ ಬೆಂಗಳೂರಿನ ನೆಂಟರು 'ಡಿನ್ನರ್ ಆಯ್ತಾ?' ಎಂದು ಕೇಳುತ್ತಾರೆ. ಮದುವೆಯ ಕರೆಯೋಲೆಯಲ್ಲೂ ಡಿನ್ನರ್. ಇಲ್ಲಿ ನಾವೇ ಸೇರಿ ಮಾಡುವ ಯುಗಾದಿಯಲ್ಲೂ, ಹೋಳಿಗೆ ಬಡಿಸುವ ಹೊತ್ತಿಗೆ 'ಲಂಚ್ ರೆಡಿ, ಬನ್ನಿ' ಎಂದು ಮೈಕಿನಲ್ಲಿ ಕೂಗುತ್ತಾರೆ. ನನಗೆ ನೋವಾಗುತ್ತದೆ. ಇಂಗ್ಲಿಷ್ ಪದ ಬಂತು ಅನ್ನುವ ಕೋಪ ನನ್ನದಲ್ಲ. ಬಸ್ಸು, ಫೋನು, ಪಾಸ್ತಾ ಎಲ್ಲ ನಾನೂ ಅನ್ನುತ್ತೇನೆ. ಆದರೆ ಊಟಕ್ಕೆ ನಮ್ಮ ಹತ್ತಿರ ಪದ ಇಲ್ಲವೇ? ನನ್ನ ಜೊತೆ ಕೆಲಸ ಮಾಡುವ ಇಲ್ಲಿಯವರೇ ಒಬ್ಬರು ಲಂಡನ್ನಿನಲ್ಲಿ ಹದಿನೈದು ವರ್ಷ ಇದ್ದು ಬಂದವರು. ಇವತ್ತಿಗೂ ಸಂಜೆ ಕೋಟು ಹಾಕಿಕೊಳ್ಳುತ್ತಾ 'ಮನೆಗೆ ಹೋಗಿ ಟೀ ಮಾಡಬೇಕು' ಅನ್ನುತ್ತಾರೆ. ಅವರ ತಾಯಿ ಹೇಳಿದ ಮಾತು ಅದು. ರಾಜಧಾನಿಯವರು ಬೇರೆ ಥರ ಅನ್ನುತ್ತಾರೆ ಎಂದು ಅವರು ಬಿಟ್ಟುಕೊಡಲಿಲ್ಲ. ಇಂಗ್ಲಿಷಿನವರೇ ತಮ್ಮ ಊರಿನ ಮಾತನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿರುವಾಗ ನಾವು ಯಾಕೆ ಸುಮ್ನೆ ಕೈಬಿಡಬೇಕು?

ಮಗಳಿಗೀಗ ಏಳು ವರ್ಷ. ಶಾಲೆಯಿಂದ ಬಂದು ಚೀಲ ಇಡುತ್ತಲೇ 'ಅಪ್ಪಾ, ಟೀಗೆ ಏನು?' ಎಂದು ಕೇಳುತ್ತಾಳೆ. ಅದಕ್ಕೆ ನಾನು ತಡೆ ಹಾಕಿಲ್ಲ. ಅವಳು ಬೆಳೆಯುತ್ತಿರುವ ಊರಿನ ಮಾತು ಅದು, ಅವಳದೇ. ತಟ್ಟೆ ಹಾಕಿದ ಮೇಲೆ ಮಾತ್ರ ಅವಳ ಅಮ್ಮನನ್ನು ಅವಳೇ 'ಊಟಕ್ಕೆ ಬಾ' ಎಂದು ಕರೆಯಬೇಕು. ಕರೆಯುತ್ತಾಳೆ.

ಚಳಿಗಾಲದಲ್ಲಿ ನಮಗೂ ಹಾಸನಕ್ಕೂ ಐದೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ನಾಲ್ಕೂವರೆ. ಅಮ್ಮನಿಗೆ ಈ ಲೆಕ್ಕ ತಲೆಗೆ ಹತ್ತುವುದಿಲ್ಲ. ಅವರು ರಾತ್ರಿ ಎಂಟಕ್ಕೆ ಉಂಡು ಕೈತೊಳೆದು ಫೋನ್ ಮಾಡುವಾಗ, ಚಳಿಗಾಲವಾದರೆ, ನನಗೆ ಮಧ್ಯಾಹ್ನ ಎರಡೂವರೆ. 'ಊಟ ಆಯ್ತಾ?' ಅನ್ನುತ್ತಾರೆ. ಲಂಚ್ ಎಂದೋ ಡಿನ್ನರ್ ಎಂದೋ ಕೇಳುವುದಾಗಿದ್ದರೆ ಅವರು ಮೊದಲು ನನ್ನ ಗಡಿಯಾರ ನೋಡಬೇಕಿತ್ತು. 'ಆಯ್ತಮ್ಮ, ನಿಮ್ಮದು?' ಅನ್ನುತ್ತೇನೆ. 'ಈಗಷ್ಟೇ ಆಯ್ತು. ಏನು ಸಾರು ಮಾಡಿದ್ರಿ?'