ಟೈಗರನ ಮಲಯಾಳ

ಮಧ್ಯಾಹ್ನ ಊಟ ಮುಗಿಸಿ ಜಗಲಿಯ ಆರಾಮಕುರ್ಚಿಯಲ್ಲಿ ಕಾಲು ಚಾಚಿದ ಕೂಡಲೇ ಬೊಳ್ಳು ಬಂದು ಎದುರು ನಿಲ್ಲುತ್ತದೆ. ಬೊಗಳುವುದಿಲ್ಲ, ಕುಂಯ್ ಅನ್ನುವುದಿಲ್ಲ. ಸುಮ್ನೆ ನೋಡುತ್ತದೆ. ಪೇಪರ್ ಅಡ್ಡ ಹಿಡಿದರೆ ಅದರ ಮೇಲಂಚಿನಲ್ಲಿ ಎರಡು ಬಿಳಿ ಕಿವಿ. ಪೇಪರ್ ಇಳಿಸಿದರೆ ಅದೇ ನೋಟ. ಸೊಸೈಟಿಯಿಂದ ಸಾಲದ ನೋಟೀಸು ತಂದವನೂ ಹೀಗೆ ನೋಡುವುದಿಲ್ಲ.

"ಎಂತ?" ಅಂತ ಕೇಳುತ್ತೇನೆ. ಬಲಕಿವಿ ಸ್ವಲ್ಪ ಹಿಂದೆ ಹೋಗುತ್ತದೆ. "ಎಂತ ಬೇಕು ನಿನಗೆ?" ಎಡಕಿವಿಯೂ ಹೋಗುತ್ತದೆ. ಒಮ್ಮೆ ಮೂತಿ ನೆಕ್ಕಿಕೊಳ್ಳುತ್ತದೆ. ಅಷ್ಟಕ್ಕೆ ಅದರ ಮಾತು ಮುಗಿಯಿತು. ಇನ್ನು ಅರ್ಥ ಮಾಡಿಕೊಳ್ಳಬೇಕಾದವನು ನಾನು.

"ಅದಕ್ಕೆ ಹಸಿವು" ಅಂತ ಅಮ್ಮ ಅಡುಗೆಮನೆಯಿಂದಲೇ ಹೇಳುತ್ತಾರೆ. ನಾಯಿಯ ಮುಖ ಕೂಡ ನೋಡಿರುವುದಿಲ್ಲ. ಅಮ್ಮನ ಲೆಕ್ಕದಲ್ಲಿ ಲೋಕದಲ್ಲಿ ಇರುವುದು ಅದೊಂದೇ ಕಾಯಿಲೆ. "ತೋಟಕ್ಕೆ ಮಂಗ ಬಂದಿರಬೇಕು" ಅಂತ ಅಪ್ಪ ಕೋಲು ಹುಡುಕುತ್ತಾರೆ. ಎಳೆ ಬೊಂಡ ಬಿದ್ದದ್ದೆಲ್ಲ ಅವರಿಗೆ ಮಂಗನ ಕೆಲಸ. ನಾಯಿ ಸುಮ್ಮನಿದ್ದರೂ ಮಂಗ, ಬೊಗಳಿದರೂ ಮಂಗ. "ನೀವು ಅದರ ಜಾಗದಲ್ಲಿ ಕೂತಿದ್ದೀರಿ, ಎದ್ದುಬಿಡಿ" ಅನ್ನುವುದು ಹೆಂಡತಿ. ಆ ಜಾಗ ಖಾಲಿಯಾದರೆ ಅಡಿಕೆ ಸುಲಿಯಲು ನಾನು ಸಿಗುತ್ತೇನೆ. ನಾಯಿಯ ಮನಸ್ಸಿನಲ್ಲಿ ಏನಿದೆಯೋ ಗೊತ್ತಿಲ್ಲ, ಮನೆಯವರ ಮನಸ್ಸಿನಲ್ಲಿ ಏನಿದೆ ಅಂತ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಮನೆಯವರಾದರೂ ವಾಸಿ. ಪೇಟೆಯಲ್ಲಿ ನಾಯಿಯ ಪರವಾಗಿ ತಾವೇ ಮಾತಾಡುವವರು ಇರುತ್ತಾರಲ್ಲ, ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಮ್ಮೆ ಮಂಗಳೂರಿನಲ್ಲಿ ಒಬ್ಬರ ಮನೆಗೆ ಹೋಗಿದ್ದೆ. ಅವರ ನಾಯಿ ನನ್ನ ಪಂಚೆಯ ಅಂಚನ್ನು ಹಲ್ಲಿನಲ್ಲಿ ಹಿಡಿದು ಎಳೆಯುತ್ತಿತ್ತು. ನಾನು ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡಿದ್ದೆ. ಮನೆಯಾಕೆ ಕೊಂಚ ರಾಗವಾಗಿ, "ಅವಳಿಗೆ ನೀವು ತುಂಬಾ ಇಷ್ಟ ಆದ್ರಿ ಅಂಕಲ್" ಅಂದರು. ಇಷ್ಟವಾದರೆ ಪಂಚೆ ಬಿಚ್ಚಬೇಕೇನು? ಕಾಫಿ ಕುಡಿಯದೆ ಬಂದೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಅಳಿಯ ಇದಕ್ಕೆಲ್ಲ ವಿಜ್ಞಾನದಲ್ಲಿ ಉತ್ತರ ಇದೆ ಅನ್ನುವವನು. ರಜೆಗೆ ಬಂದರೆ ಒಂದೊಂದಾಗಿ ಹೇಳುತ್ತಾನೆ. 2007ರಲ್ಲಿ ಇಟಲಿಯವರು ಮೂವತ್ತು ನಾಯಿಗಳ ಬಾಲ ಅಳೆದು ನೋಡಿದರಂತೆ. ಯಜಮಾನನನ್ನು ಕಂಡಾಗ ಬಾಲ ಹೆಚ್ಚು ಬಲಕ್ಕೆ ವಾಲುತ್ತದೆ, ಗುರುತಿಲ್ಲದ ಜೋರಿನ ನಾಯಿಯನ್ನು ಕಂಡರೆ ಎಡಕ್ಕೆ. "ಮಾವ, ನೀವು ಸರಿಯಾಗಿ ಗಮನಿಸಿ" ಅಂದ. ಗಮನಿಸಿದೆ. ಬೊಳ್ಳುವಿನದು ಊರನಾಯಿಯ ಬಾಲ. ಹುಟ್ಟಿದಾಗಿನಿಂದ ಸುರುಳಿ, ಅದೂ ಎಡಕ್ಕೆ. ಆ ಲೆಕ್ಕದಲ್ಲಿ ನಮ್ಮ ಅನ್ನ ತಿನ್ನುತ್ತಲೇ ಅದು ನಮ್ಮನ್ನು ಇವತ್ತಿಗೂ ಯಾರೋ ಅಂತಲೇ ತಿಳಿದುಕೊಂಡಿದೆ. ನಾಯಿ ಬಾಲ ಡೊಂಕು ಅಂತ ಗಾದೆ ಮಾಡಿದವರು ಇಟಲಿಗೆ ಒಂದು ಕಾಗದ ಬರೆಯಬೇಕಿತ್ತು.

ಇನ್ನೊಂದು ಸಲ ಬಂದಾಗ ಫೋನಿನಲ್ಲಿ ಏನೋ ಹಾಕಿಕೊಂಡು ಬಂದ. ನಾಯಿ ಬೊಗಳಿದರೆ ಅದರ ಅರ್ಥ ಬರೆದು ತೋರಿಸುತ್ತದಂತೆ. ಹೊಸ ಆಟವೇನಲ್ಲ ಇದು. ಜಪಾನಿನ ಟಕಾರಾ ಎಂಬ ಆಟಿಕೆ ಕಂಪನಿ 2002ರಲ್ಲೇ ಬೌಲಿಂಗ್ವಲ್ ಅಂತ ಒಂದು ಯಂತ್ರ ಮಾಡಿತ್ತು. ನಾಯಿಯ ಕೊರಳಪಟ್ಟಿಗೆ ಮೈಕು, ಯಜಮಾನನ ಕೈಯಲ್ಲಿ ಪೆಟ್ಟಿಗೆ. ಬೊಗಳುವುದನ್ನೆಲ್ಲ ಆರು ಭಾವಗಳಲ್ಲಿ ಒಂದಕ್ಕೆ ಸೇರಿಸುತ್ತಿತ್ತು. ಅದಕ್ಕೆ ಆ ವರ್ಷದ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಬಂತು, ಅಂದರೆ ನಗಿಸಲು ಕೊಡುವ ನೊಬೆಲ್. ಅಳಿಯ ಫೋನನ್ನು ಬೊಳ್ಳುವಿನ ಮೂತಿಯ ಹತ್ತಿರ ಹಿಡಿದ. ಅದು ಫೋನು ನೆಕ್ಕಿತು. ಆ ಹೊತ್ತಿಗೆ ಒಳಗೆ ಕುಕ್ಕರು ಕೂಗಿತು. 'ನನಗೆ ನಿನ್ನ ಮೇಲೆ ಪ್ರೀತಿ ಇದೆ' ಅಂತ ಇಂಗ್ಲಿಷಿನಲ್ಲಿ ಬಂತು.

ನಾಯಿ ಹೇಳುವುದನ್ನು ತಿಳಿಯುವ ಬಗ್ಗೆ ನನ್ನದೂ ಒಂದು ಸಿದ್ಧಾಂತ ಇದೆ. ಬಹಳ ಸರಳ, ಯಂತ್ರ ಗಿಂತ್ರ ಬೇಡ. ಆದರೆ ಅದನ್ನು ಹೇಳುವ ಮೊದಲು ಟೈಗರನ ವಿಷಯ ಹೇಳಬೇಕು.

ಟೈಗರ್ ನಮ್ಮಲ್ಲಿ ಹುಟ್ಟಿದ್ದಲ್ಲ. ನೀಲೇಶ್ವರದ ಒಬ್ಬರು ಮಾಷ್, ಅಂದರೆ ಮೇಷ್ಟ್ರು, ನಿವೃತ್ತರಾಗಿ ಗಲ್ಫಿನಲ್ಲಿರುವ ಮಗನ ಮನೆಗೆ ಹೊರಟರು. ಪರಿಚಯದವರು. "ನಾಯಿಯನ್ನು ಎಲ್ಲಿ ಬಿಡೂದು" ಅಂತ ಕಣ್ಣಲ್ಲಿ ನೀರು ತಂದುಕೊಂಡರು. ಬದಿಯಡ್ಕದಿಂದ ಒಳಗೆ ನಮ್ಮದು ತೋಟದ ನಡುವಿನ ಮನೆ, ಜಾಗ ಬೇಕಾದಷ್ಟು ಉಂಟು. ಜೀಪಿನಲ್ಲಿ ಟೈಗರ್ ಬಂತು. ಕಂದು ಬಣ್ಣ, ದೊಡ್ಡ ತಲೆ, ಸಾಧು.

ಬಂದದ್ದೇ ಅಂಗಳದ ಮೂಲೆಯಲ್ಲಿ ಕೂತಿತು. "ಬಾ ಬಾ, ಇಲ್ಲಿ ಬಾ" ಅಂತ ಹೆಂಡತಿ ಕರೆದಳು. ತಲೆ ಒಂದು ಕಡೆಗೆ ಓರೆ ಮಾಡಿ ನೋಡಿತು, ಏಳಲಿಲ್ಲ. ನಾನು ಕರೆದೆ. ತಲೆ ಇನ್ನೊಂದು ಕಡೆಗೆ ಓರೆಯಾಯಿತು. ತೋಟದ ಕೆಲಸಕ್ಕೆ ಬರುವ ಅಣ್ಣ "ಇಡೆ ಬಲ ಮಾರಾಯಾ" ಅಂತ ತುಳುವಿನಲ್ಲಿ ಪ್ರೀತಿ ಮಾಡಿದ. ಇಲ್ಲ. ಅಡಿಕೆ ಕೊಳ್ಳಲು ಬಂದ ವ್ಯಾಪಾರಿ ಕೊಂಕಣಿಯಲ್ಲಿ ಕರೆದರು. ಬಹಳ ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸಿದ ಆಚೆಮನೆ ಭಾವ ಹಿಂದಿಯಲ್ಲಿ ಗದರಿಸಿದರು, ಆಮೇಲೆ ಮರಾಠಿ. ಕಾಸರಗೋಡು ಸಪ್ತಭಾಷಾ ಸಂಗಮ ಭೂಮಿ ಅಂತ ಎಲ್ಲ ಸಭೆಯಲ್ಲೂ ಸ್ವಾಗತ ಭಾಷಣದವರು ಹೇಳುತ್ತಾರೆ. ಆ ಸಂಗಮ ಒಟ್ಟಾಗಿ ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅವತ್ತು ನಮ್ಮ ಅಂಗಳದಲ್ಲಿ ಮಾತ್ರ. ಟೈಗರ್ ಅಲುಗಲಿಲ್ಲ. "ಪಾಪ, ಕಿವಿ ಕೇಳುವುದಿಲ್ಲ" ಅಂತ ಅಮ್ಮ ತೀರ್ಮಾನ ಮಾಡಿದರು.

ಮರುದಿನ ಕುಟುಂಬಶ್ರೀ ಅನ್ನುವ ಹೆಂಗಸರ ಸ್ವಸಹಾಯ ಸಂಘದ ಸಭೆಗೆ ಹೆಂಡತಿಯನ್ನು ಕರೆಯಲು ಒಬ್ಬಾಕೆ ಬಂದರು. ಬೇಲಿಯ ತಡಮೆ ದಾಟುತ್ತ ಟೈಗರನನ್ನು ನೋಡಿ, "ಈಡ ಬಾ ಮೋನೇ" ಅಂತ ಮಲಯಾಳದಲ್ಲಿ ಅಂದರು. ಟೈಗರ್ ಎದ್ದು, ಇಡೀ ಮೈ ಅಲ್ಲಾಡಿಸಿಕೊಂಡು ಓಡಿಹೋಗಿ ಅವರ ಕಾಲ ಮೇಲೆ ಬಿದ್ದುಕೊಂಡಿತು.

ಎಲ್ಲರಿಗಿಂತ ಜಾಸ್ತಿ ನೋವಾದದ್ದು ಅಪ್ಪನಿಗೆ. ಅವರು ಪ್ರಾಯದಲ್ಲಿ ಕನ್ನಡ ಹೋರಾಟದ ಸಭೆಗಳಿಗೆ ಚಾಪೆ ಹಾಸಿದವರು. 1956ರ ನವೆಂಬರ್ 1ಕ್ಕೆ ನಮ್ಮ ಊರು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಸೇರಲಿಲ್ಲ. ಇದನ್ನು ಅಪ್ಪ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ, ಕರೆಂಟು ಬಿಲ್ಲು ಬರೆಯಲು ಬಂದವನಿಗೂ. "ಹೊಳೆಯ ಆಚೆಯ ನಾಯಿಯನ್ನು ಯಾರು ತರ್ಲಿಕ್ಕೆ ಹೇಳಿದ್ದು?" ಅಂತ ನನ್ನನ್ನು ಕೇಳಿ ಒಳಗೆ ಹೋದರು.

ಅಳಿಯನಿಗೆ ಫೋನಿನಲ್ಲಿ ಹೇಳಿದರೆ ಅವನಿಗೆ ಭಾರೀ ಖುಷಿ. ಬುಡಾಪೆಸ್ಟಿನಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದಾರಂತೆ. ಮೆಕ್ಸಿಕೋದಿಂದ ಹಂಗೇರಿಗೆ ಹೋದ ಒಬ್ಬರು ವಿಜ್ಞಾನಿ ತಮ್ಮ ನಾಯಿ ಕುನ್‌ಕುನ್‌ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು. ಸುತ್ತಲಿನವರ ಮಾತು ಬದಲಾದದ್ದು ಇದಕ್ಕೆ ಗೊತ್ತಾಗುತ್ತದೋ ಅಂತ ಅವರಿಗೆ ಅನುಮಾನ ಬಂತು. ಹದಿನೆಂಟು ನಾಯಿಗಳನ್ನು ಎಂಆರ್‌ಐ ಯಂತ್ರದಲ್ಲಿ ಅಲುಗಾಡದೆ ಮಲಗಿಸಿ ಒಂದು ಕಥೆಯನ್ನು ಸ್ಪ್ಯಾನಿಷಿನಲ್ಲೂ ಹಂಗೇರಿಯನ್ನಿನಲ್ಲೂ ಕೇಳಿಸಿದರು. ಕೇಳಿ ಅಭ್ಯಾಸವಿದ್ದ ಭಾಷೆಗೆ ಮೆದುಳು ಒಂದು ರೀತಿ, ಇಲ್ಲದ್ದಕ್ಕೆ ಇನ್ನೊಂದು ರೀತಿ. ವಯಸ್ಸಾದ ನಾಯಿಗಳಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. 2022ರಲ್ಲಿ ಪ್ರಕಟವಾಗಿದೆ. ನಾನು ಅಪ್ಪನಿಗೆ ಇದನ್ನು ಹೇಳಿದೆ. "ಅದಕ್ಕೆ ಅಷ್ಟು ದೊಡ್ಡ ಮೆಷಿನು ಯಾಕೆ? ಕುಟುಂಬಶ್ರೀಯವರನ್ನು ಕಳಿಸಿದ್ದರೆ ಆಗ್ತಿತ್ತಲ್ಲ" ಅಂದರು.

ಅಲ್ಲಿಂದ ಮನೆಯಲ್ಲಿ ಮಲಯಾಳ ಶುರುವಾಯಿತು. ಅಮ್ಮ ಗಂಜಿಯ ಪಾತ್ರೆ ಹಿಡಿದು "ಚೋರು ಬೇಣೋ?" ಅಂತ ಕೇಳುತ್ತಾರೆ. ನನ್ನ ಮಗಳಿಗೆ ಶಾಲೆಯ ಮಲಯಾಳ ಇದೆ, ಅವಳು ಅಜ್ಜಿಯನ್ನು ತಿದ್ದುತ್ತಾಳೆ. ಅಪ್ಪ ಮಾತ್ರ ಜಗ್ಗಲಿಲ್ಲ. ನಾಯಿಗೆ ಕನ್ನಡವೂ ಬೇಡ ಮಲಯಾಳವೂ ಬೇಡ ಅಂತ ಬೆರಳು ತೋರಿಸಿಯೇ ಎಲ್ಲ ಹೇಳುತ್ತಾರೆ. ಟೈಗರ್ ಬೆರಳು ತೋರಿಸಿದ ಕಡೆಗೇ ಹೋಗುತ್ತದೆ. ಯಾರೂ ಕಲಿಸದ ಬೀದಿನಾಯಿಗಳಿಗೂ ಇದು ಬರುತ್ತದೆ ಅಂತ ಕೋಲ್ಕತ್ತದ ಐಸರ್ ಎಂಬ ವಿಜ್ಞಾನ ಸಂಸ್ಥೆಯವರು 2020ರಲ್ಲಿ ತೋರಿಸಿಕೊಟ್ಟಿದ್ದಾರೆ. ಬೊಳ್ಳುವಿಗೆ ಬೆರಳು ತೋರಿಸಿದರೆ ಅದು ಬಂದು ಬೆರಳು ಮೂಸುತ್ತದೆ. ಅದರ ವಿಷಯ ಬಿಡಿ.

ಈ ಮಧ್ಯೆ ನಾಯಿಗೆ ಲೈಸೆನ್ಸ್ ಮಾಡಿಸಬೇಕಾಯಿತು. ರೇಬಿಸ್ ಚುಚ್ಚುಮದ್ದು ಹಾಕಿಸಿದ ಚೀಟಿ ಹಿಡಿದುಕೊಂಡು ಒಂದು ಕಚೇರಿಗೆ ಹೋದೆ. ಫಾರಂ ಕೊಟ್ಟರು, ಪೂರ್ತಿ ಮಲಯಾಳದಲ್ಲಿ. ಕನ್ನಡದ್ದು ಉಂಟಾ ಅಂತ ಕೇಳಿದೆ. "ಮುಗಿದಿದೆ" ಅಂದರು. ನಾನು ಹುಡುಗನಾಗಿದ್ದಾಗಿನಿಂದ ಅದು ಮುಗಿದೇ ಇದೆ. ಯಾವಾಗ ಇತ್ತು ಅಂತ ಹೇಳುವವರು ಮಾತ್ರ ಇಲ್ಲ. ನನಗೆ ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಒಂದು ಕಾಲಮ್ಮಿನಲ್ಲಿ ನಾಯಿಯ ಹೆಸರೋ ನನ್ನ ಹೆಸರೋ ತಿಳಿಯದೆ ಪೆನ್ನು ಹಿಡಿದು ನಿಂತೆ. ಟೈಗರನನ್ನೇ ಕರೆದುಕೊಂಡು ಬರಬೇಕಿತ್ತು ಅನ್ನಿಸಿತು. ನಾನು ಫಾರಂ ನೋಡುವುದು, ಕೌಂಟರಿನವನು ನನ್ನನ್ನು ನೋಡುವುದು. ನನ್ನ ಕಿವಿಯೂ ಹಿಂದಕ್ಕೆ ಹೋಗುವಂಥದ್ದಾಗಿದ್ದರೆ ಹೋಗಿರುತ್ತಿತ್ತು.

ನಾವು ಇಷ್ಟೆಲ್ಲ ಮಲಯಾಳ ಕಲಿತರೂ ಟೈಗರ್ ಖುಷಿಯಲ್ಲಿರಲಿಲ್ಲ. ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ತಡಮೆಯ ಹತ್ತಿರ ಹೋಗಿ ನಿಲ್ಲುತ್ತಿತ್ತು. ಮುಂಗಾಲು ಒಂದನ್ನು ಸ್ವಲ್ಪ ಎತ್ತಿ, ಮೂಗು ಗಾಳಿಗೆ ಹಿಡಿದು, ರಸ್ತೆಯ ಕಡೆಗೆ ನೋಟ. ಗಂಟಲಲ್ಲಿ ಸಣ್ಣಗೆ ಒಂದು ಸ್ವರ. ಅರ್ಧ ಗಂಟೆ ಕಳೆದ ಮೇಲೆ ತಲೆ ತಗ್ಗಿಸಿಕೊಂಡು ವಾಪಸ್. "ಮಾಷ್ ಬರ್ತಾರೆ ಅಂತ ಕಾಯ್ತದೆ" ಅಂತ ಹೆಂಡತಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನನಗೂ ಗಂಟಲು ಕಟ್ಟಿತು. ಆಚೆಮನೆ ಭಾವ ಬಂದು ನೋಡಿ, ಮನುಷ್ಯರಲ್ಲಿ ಇಂಥ ನಿಯತ್ತು ಇಲ್ಲ ಅಂತ ಒಂದು ಭಾಷಣವನ್ನೇ ಮಾಡಿ, ಎರಡು ಲೋಟ ಚಾ ಕುಡಿದು ಹೋದರು.

ಕೊನೆಗೆ ಅಳಿಯ ಬಂದಾಗ ಗಲ್ಫಿಗೆ ವಿಡಿಯೋ ಕಾಲ್ ಮಾಡಿಸಿದೆವು. ಮನೆಮಂದಿಯೆಲ್ಲ ಸುತ್ತ ನಿಂತೆವು. ಪರದೆಯಲ್ಲಿ ಮಾಷ್ "ಟೈಗರೇ, ಮೋನೇ" ಅಂತ ಕರೆದರು. ಟೈಗರ್ ಫೋನನ್ನು ಮೂಸಿತು. ಆಮೇಲೆ ದವಡೆ ಪೂರ್ತಿ ತೆರೆದು ಆಕಳಿಸಿತು. ನಾಯಿ ಆಕಳಿಸಿದರೆ ನಿದ್ದೆ ಅಂತಲೇ ಅಲ್ಲ, ಇರುಸುಮುರುಸಾದರೂ ಆಕಳಿಸುತ್ತದೆ ಅಂತ ಅಳಿಯ ಪಿಸುಗುಟ್ಟಿದ. ಪಾಪ, ಮಾಷ್ ಮುಖ ಸಣ್ಣದಾಯಿತು. ತಡಮೆಯ ಕಥೆ ಹೇಳಿದರೆ ಸಮಾಧಾನವಾದೀತು ಅಂತ ನಾನು ವಿವರವಾಗಿ ಹೇಳಿದೆ.

ಅವರು ಎಲ್ಲ ಕೇಳಿ, "ಎಷ್ಟು ಗಂಟೆಗೆ?" ಅಂದರು.

"ಹತ್ತಕ್ಕೆ."

"ಅದು ಮೀನಿನವನು ಬರುವ ಹೊತ್ತು. ನೀವು ಟೈಗರನಿಗೆ ಬೂತಾಯಿ ಕೊಡೂದಿಲ್ವಾ?"

ನಮ್ಮದು ಬೆಳ್ಳುಳ್ಳಿಯೂ ಒಳಗೆ ಬಾರದ ಅಡುಗೆಮನೆ. ಯಾರೂ ಮಾತಾಡಲಿಲ್ಲ. ಮೇಲಿನ ರಸ್ತೆಯಲ್ಲಿ ಮೀನಿನವನ ಸ್ಕೂಟರಿನ ಹಾರನ್ನು ದಿನಾ ಕೇಳುತ್ತದೆ. ನಮ್ಮ ಕಿವಿಗೆ ಅದು ಬಿದ್ದೇ ಇರಲಿಲ್ಲ. ನನ್ನ ಸಿದ್ಧಾಂತದ ಮಾತನ್ನು ಆಮೇಲೆ ನಾನೂ ಎತ್ತಲಿಲ್ಲ.

ಏರ್ಪಾಡು ಹೇಗಾಯಿತೋ, ನಾನು ಕೇಳಲು ಹೋಗಲಿಲ್ಲ. ತೋಟದ ಅಣ್ಣ ಒಂದು ಪೊಟ್ಟಣ ತರುತ್ತಾನೆ. ಪಂಪ್‌ಶೆಡ್ಡಿನ ಹಿಂದೆ ಒಂದು ಒಡಕು ಮಣ್ಣಿನ ಚಟ್ಟಿ ಇದೆ. ಟೈಗರ್ ಮೈಕೈ ತುಂಬಿಕೊಂಡಿದೆ. ಬೊಳ್ಳುವೂ ಈಗ ಹತ್ತು ಗಂಟೆಗೆ ತಡಮೆಯ ಹತ್ತಿರ ಇರುತ್ತದೆ. ಅಪ್ಪನಿಗೆ ಇದು ಗೊತ್ತಿಲ್ಲ ಅಂತ ನಾವು, ಅವರಿಗೆ ಗೊತ್ತಿದೆ ಅಂತ ನಮಗೆ ಗೊತ್ತಿಲ್ಲ ಅಂತ ಅವರು, ಹೀಗೆ ನಡೆದಿದೆ.

ಮೊನ್ನೆ ಜೂನಿನಲ್ಲಿ ಪುತ್ತೂರಿನಿಂದ ನೆಂಟರು ಬಂದಿದ್ದರು. ಪೂಜೆ ಮುಗಿಸಿ ಎಲ್ಲರೂ ಎಲೆಯ ಮುಂದೆ ಕೂತಿದ್ದೆವು. ಸಾಮಾನಿನ ರೇಟಿನ ಮಾತು ಬಂತು. ತೆಂಗಿನೆಣ್ಣೆ ಹೀಗಾಯಿತು, ತೊಗರಿಬೇಳೆ ಹಾಗಾಯಿತು ಅಂತ ಒಬ್ಬೊಬ್ಬರು ಹೇಳಿದರು. ಅಮ್ಮ ಪಾಯಸದ ಸೌಟು ಹಿಡಿದುಕೊಂಡೇ, "ಬೂತಾಯಿಗೂ ರೇಟು ಭಾರೀ ಏರಿದೆ. ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ ಅಲ್ವಾ, ಐವತ್ತೆರಡು ದಿನ" ಅಂದರು.

ನೆಂಟರ ಕೈ ಎಲೆಯ ಮೇಲೆಯೇ ನಿಂತಿತು.

"ಪೇಪರಿನಲ್ಲಿ ಬಂದಿತ್ತು" ಅಂತ ಅಪ್ಪ ಕೂಡಲೇ ಹೇಳಿ, ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡರು.